ಪಟ್ಟಿಗೆ ಸಿಗದ ಹಿರಿಯರು: ಹಳ್ಳಿಯ ಮನೆಮನೆ ಸಮೀಕ್ಷೆಯನ್ನು ನಾವು ಮಾಡಿದ ಬಗೆ

ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 60 ದಾಟಿದವರಿಗೆ ಯಾವ ಸೇವೆ ಮುಟ್ಟುತ್ತಿದೆ, ಯಾವುದು ಮುಟ್ಟುತ್ತಿಲ್ಲ ಎಂದು ನೋಡಲು ಹೊರಟರೆ ಮೊದಲು ಕೈಕೊಡುವುದು ಹೆಸರಿನ ಪಟ್ಟಿ. ಓಪಿಡಿ (ಹೊರರೋಗಿ) ರಿಜಿಸ್ಟರ್ ಹಿಡಿದು ಕೂತರೆ ಆಸ್ಪತ್ರೆಗೆ ನಡೆದು ಬರುವ ಶಕ್ತಿ ಇದ್ದವರ ಲೆಕ್ಕವಷ್ಟೇ ಸಿಗುತ್ತದೆ. ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ಒಂಟಿ ವಿಧವೆಯರು ಅದರಲ್ಲಿ ಇರುವುದೇ ಇಲ್ಲ. ನಮಗೆ ಬೇಕಿದ್ದವರು ಅವರೇ.

ನಾವು ನಾಲ್ಕು ಪಟ್ಟಿ ಜೋಡಿಸಿಕೊಂಡೆವು: ಆಶಾ ಕಾರ್ಯಕರ್ತೆಯ ಮನೆ ಸಮೀಕ್ಷೆ ಪುಸ್ತಕ, ಮತದಾರರ ಪಟ್ಟಿ, ಪಡಿತರ ಚೀಟಿದಾರರ ಹೆಸರು, ವೃದ್ಧಾಪ್ಯ ವೇತನ ಮತ್ತು ಸಂಧ್ಯಾ ಸುರಕ್ಷಾ ಫಲಾನುಭವಿಗಳ ಪಟ್ಟಿ. ಪಡಿತರ ಮತ್ತು ಪಿಂಚಣಿ ಪಟ್ಟಿಗಳಿಗೆ ಅನುಮತಿ ಪತ್ರ ಬೇಕು, ಅದಕ್ಕೇ ಒಂದು ತಿಂಗಳು ಇಟ್ಟುಕೊಳ್ಳಿ. ನಾಲ್ಕರಲ್ಲೂ ಹೆಸರಿರುವವರು ಎಲ್ಲಿಗೂ ಓಡಿಹೋಗುವುದಿಲ್ಲ. ಒಂದೇ ಪಟ್ಟಿಯಲ್ಲಿ ಇರುವವರ ಮನೆಗೆ ಮೊದಲು ಹೋಗಬೇಕು.

ಎಷ್ಟು ಜನ ಎಲ್ಲಾ ಪಟ್ಟಿಗಳಿಂದಲೂ ಜಾರಿದ್ದಾರೆ ಎಂದು ಅಂದಾಜು ಮಾಡಲು ಒಂದು ಸುಲಭ ಲೆಕ್ಕವಿದೆ. ಮೊದಲ ಪಟ್ಟಿಯಲ್ಲಿ 120 ಜನ, ಎರಡನೆಯದರಲ್ಲಿ 90, ಎರಡರಲ್ಲೂ ಇರುವವರು 72 ಎಂದುಕೊಳ್ಳಿ. 120ನ್ನು 90ರಿಂದ ಗುಣಿಸಿ 72ರಿಂದ ಭಾಗಿಸಿದರೆ 150. ಎರಡೂ ಪಟ್ಟಿ ಸೇರಿ ನಿಮಗೆ ಸಿಕ್ಕವರು 138, ಅಂದರೆ ಇನ್ನೂ ಸುಮಾರು 12 ಜನ ಎಲ್ಲೋ ಇದ್ದಾರೆ. ಆದರೆ ಈ ಲೆಕ್ಕಕ್ಕೆ ಪಡಿತರ ಮತ್ತು ಪಿಂಚಣಿ ಪಟ್ಟಿಗಳನ್ನು ಜೋಡಿ ಮಾಡಬೇಡಿ. ಎರಡೂ ಆಧಾರ್ ಮೇಲೆ ನಿಂತಿವೆ. ಒಂದರಲ್ಲಿ ಬಿಟ್ಟುಹೋದವರು ಇನ್ನೊಂದರಲ್ಲೂ ಬಿಟ್ಟುಹೋಗಿರುತ್ತಾರೆ, ಹಾಗಾಗಿ ಅಂದಾಜು ಕಡಿಮೆ ಬರುತ್ತದೆ. ಆಶಾ ಪುಸ್ತಕ ಮತ್ತು ಮತದಾರರ ಪಟ್ಟಿಯ ಜೋಡಿ ವಾಸಿ. ಉಳಿದವರನ್ನು ಹುಡುಕಲು ಅಂಚೆಯವರನ್ನೂ ನ್ಯಾಯಬೆಲೆ ಅಂಗಡಿಯವರನ್ನೂ ಕೇಳಬೇಕು. ‘ಹೆಬ್ಬೆಟ್ಟು ಕೂರದೆ ವಾಪಸು ಹೋಗೋರು ಯಾರು?’ ಎಂದು ಅಂಗಡಿಯಲ್ಲಿ ಕೇಳಿದರೆ ಸಾಕು, ದುಡಿದು ಬೆರಳಿನ ಗೆರೆ ಸವೆದ ಮುದುಕರ ಹೆಸರು ಸಾಲಾಗಿ ಬರುತ್ತದೆ.

ಇನ್ನೊಂದು ತೊಡಕು ಪಾಳಿ. ಎರಡು ಮೂರು ಗಂಡುಮಕ್ಕಳಿದ್ದರೆ ತಾಯಿ ಇವನ ಮನೆಯಲ್ಲಿ ಒಂದು ತಿಂಗಳು, ಅವನ ಮನೆಯಲ್ಲಿ ಒಂದು ತಿಂಗಳು. ಸಮೀಕ್ಷೆಯ ದಿನ ಕೇಳಿದರೆ ಎರಡೂ ಮನೆಯವರು ‘ಈಗ ಇಲ್ಲಿಲ್ಲ’ ಎನ್ನಬಹುದು, ಇಲ್ಲವೇ ಎರಡೂ ಕಡೆ ಹೆಸರು ಬರೆಸಬಹುದು. ಕಳೆದ 30 ರಾತ್ರಿಗಳಲ್ಲಿ ಹೆಚ್ಚು ರಾತ್ರಿ ಮಲಗಿದ ಮನೆಯೇ ಅವರ ಮನೆ ಎಂದು ನಿಯಮ ಮಾಡಿಕೊಂಡೆವು. ಪಾಳಿಯ ವಿಷಯಕ್ಕೆ ಪ್ರತ್ಯೇಕ ಪ್ರಶ್ನೆಯೂ ಬೇಕು, ಯಾಕೆಂದರೆ ಮನೆ ಬದಲಾದಾಗ ಬಿಪಿ ಮಾತ್ರೆಯ ಕವರ್ ಹಳೇ ಮನೆಯಲ್ಲೇ ಉಳಿದುಬಿಡುತ್ತದೆ.

ವಯಸ್ಸು ಕೇಳಿದರೆ 60, 65, 70 ಎಂದೇ ಉತ್ತರ ಬರುತ್ತದೆ. ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಇದ್ದರೆ ಆ ದಿನಾಂಕ ಯಾರೋ ಊಹಿಸಿ ಹಾಕಿದ್ದು ಅಂದುಕೊಳ್ಳಿ. ನಾವು ಘಟನೆಗಳ ಒಂದು ಪಂಚಾಂಗ ಮಾಡಿಕೊಂಡೆವು: 1956ರ ಏಕೀಕರಣ, 1964ರಲ್ಲಿ ನೆಹರೂ ತೀರಿಕೊಂಡದ್ದು, 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು, 1975ರ ತುರ್ತುಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿ ಹತ್ಯೆ. ಹೆಂಗಸರಿಗೆ ‘ಇಂದಿರಾ ಗಾಂಧಿ ಸತ್ತಾಗ ನಿಮ್ಮ ದೊಡ್ಡ ಮಗು ಎಷ್ಟು ದೊಡ್ಡದಿತ್ತು? ಮೈನೆರೆದು ಎಷ್ಟು ವರ್ಷಕ್ಕೆ ಆ ಮಗು ಆಯ್ತು?’ ಎಂದು ಕೇಳಿದರೆ ಎರಡು ಮೂರು ವರ್ಷದ ಅಂತರದೊಳಗೆ ವಯಸ್ಸು ಸಿಗುತ್ತದೆ. ಊರಿನ ಕೆರೆ ಒಡೆದದ್ದು, ಕರೆಂಟು ಬಂದದ್ದು, ಶಾಲೆ ಕಟ್ಟಿದ್ದು ಇವನ್ನೂ ಪಂಚಾಂಗಕ್ಕೆ ಸೇರಿಸಿ. ದೆಹಲಿಯ ಸುದ್ದಿಗಿಂತ ಅವು ಚೆನ್ನಾಗಿ ನೆನಪಿರುತ್ತವೆ.

ಎಷ್ಟು ಜನರನ್ನು ನೋಡಬೇಕು? ಸೇವೆ ಸಿಗದವರ ಪ್ರಮಾಣ ಅರ್ಧದಷ್ಟು ಎಂದಿಟ್ಟುಕೊಂಡು, ನೂರಕ್ಕೆ 5ರಷ್ಟು ಆಚೀಚೆ ಇದ್ದರೂ ಸರಿ ಎಂದರೆ 400. ಹಳ್ಳಿಗಳ ಗುಂಪಿನಿಂದ ಆರಿಸಿದಾಗ ಒಂದೇ ಊರಿನವರ ಉತ್ತರಗಳು ಒಂದೇ ತರ ಇರುವುದರಿಂದ ಒಂದೂವರೆ ಪಟ್ಟು, 600. ಹತ್ತರಲ್ಲಿ ಒಬ್ಬರು ಸಿಗುವುದಿಲ್ಲವೆಂದು 0.9ರಿಂದ ಭಾಗಿಸಿದರೆ 667. ಇಲ್ಲಿಗೆ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ನೂರಕ್ಕೆ ಐವರು ಹಾಸಿಗೆ ಹಿಡಿದಿದ್ದರೆ 600 ಜನರಲ್ಲಿ ಸಿಗುವವರು 30, ಆ ಮೂವತ್ತರಿಂದ ಏನೂ ಹೇಳಲಾಗದು. ಅದಕ್ಕೆ ಹಾಸಿಗೆ ಹಿಡಿದವರು ಮತ್ತು ಒಂಟಿಯಾಗಿ ಇರುವವರನ್ನು ಆಯ್ದು ನೋಡುವ ಬದಲು ಇಡೀ ವ್ಯಾಪ್ತಿಯಲ್ಲಿ ಒಬ್ಬರನ್ನೂ ಬಿಡದೆ ಎಣಿಸಿ, ಉಳಿದವರನ್ನು ಮಾತ್ರ ಮಾದರಿಗೆ ಹಾಕಿಕೊಂಡೆವು.

ಒಪ್ಪಿಗೆ ಪತ್ರ ನಾಲ್ಕು ನಿಮಿಷದೊಳಗೆ ಓದಿ ಮುಗಿಯಬೇಕು. ಓದು ಬಾರದವರಿಗೆ ಹೆಬ್ಬೆಟ್ಟಿನ ಜೊತೆ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಸಹಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಆಶಾ ಕಾರ್ಯಕರ್ತೆ ನಿಮ್ಮ ಜೊತೆಯೇ ಬಂದವರಾದ್ದರಿಂದ ಅವರ ಸಹಿ ಬೇಡ. ಓದಿದ ಮೇಲೆ ಮೂರು ಪ್ರಶ್ನೆ ಕೇಳುತ್ತೇವೆ: ನಾವು ಯಾಕೆ ಬಂದಿದ್ದೇವೆ, ಬೇಡ ಅಂದರೆ ಏನಾಗುತ್ತದೆ, ನಾವು ದುಡ್ಡು ಕೊಡುತ್ತೇವಾ. ಎರಡನೆಯದಕ್ಕೆ ‘ಪಿಂಚಣಿ ನಿಲ್ಲಿಸ್ತೀರಿ’ ಎಂಬ ಉತ್ತರ ಬಂದರೆ ಆ ಒಪ್ಪಿಗೆಗೆ ಬೆಲೆಯಿಲ್ಲ, ಮತ್ತೆ ಮೊದಲಿನಿಂದ ಹೇಳಬೇಕು. ಆಮೇಲಿಂದ ‘ಪಿಂಚಣಿಗೂ ಇದಕ್ಕೂ ಸಂಬಂಧವಿಲ್ಲ’ ಎಂಬ ವಾಕ್ಯವನ್ನು ಪತ್ರದ ಮೊದಲ ಸಾಲಿಗೇ ತಂದೆವು.

ಇನ್ನು ಪ್ರಶ್ನೆಗಳು. ಸ್ನಾನ, ಬಟ್ಟೆ, ಶೌಚ, ಎದ್ದು ಕೂರುವುದು, ಒಂದಕ್ಕೆ ಎರಡಕ್ಕೆ ತಡೆದುಕೊಳ್ಳುವುದು, ಊಟ ಎಂಬ ಆರು ಕೆಲಸಗಳ ಕ್ಯಾಟ್ಜ್ ಪಟ್ಟಿಯನ್ನು ಎಲ್ಲರೂ ಬಳಸುತ್ತಾರೆ. ಅದನ್ನು ಇದ್ದ ಹಾಗೆ ಕನ್ನಡಕ್ಕಿಳಿಸಿ ‘ನಿಮ್ಮ ಕೈಲೇ ಸ್ನಾನ ಮಾಡ್ಕೋತೀರಾ?’ ಎಂದರೆ ‘ಹೂಂ’ ಎಂಬ ಉತ್ತರ ಬರುತ್ತದೆ, ಕಾಗದದ ಮೇಲೆ ಆ ಅಜ್ಜಿ ಸ್ವತಂತ್ರಳು. ಅದೇ ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ಹೋದ ಸಲ ಸ್ನಾನ ಮಾಡಿದ್ದು ಯಾವತ್ತು? ನೀರು ಕಾಯಿಸಿದ್ದು ಯಾರು? ಒಲೆಯಿಂದ ಬಚ್ಚಲಿಗೆ ಹೊತ್ತದ್ದು ಯಾರು? ಮೈಮೇಲೆ ಹೊಯ್ದದ್ದು, ಬೆನ್ನು ಉಜ್ಜಿದ್ದು, ಎದ್ದು ನಿಲ್ಲುವಾಗ ಕೈ ಹಿಡಿದದ್ದು ಯಾರು? ಆಗ ಚಿತ್ರ ಬೇರೆಯಾಗುತ್ತದೆ: ಸೊಸೆ ಕೂಲಿಗೆ ಹೋಗುವ ದಿನಗಳಲ್ಲಿ ಸ್ನಾನವಿಲ್ಲ, ವಾರಕ್ಕೊಮ್ಮೆ ಸೋಮವಾರ ಮಾತ್ರ. ಸಂಸ್ಥೆಗಳಲ್ಲಿ ಹುಟ್ಟಿದ ಮಾಪನಕ್ಕೆ ಹಂಡೆಯ ನೀರು ಹೊರುವವರು ಕಾಣುವುದಿಲ್ಲ. ಆರು ಕೆಲಸಕ್ಕೂ ಹೀಗೆ ಬಿಡಿಸಿದರೆ 20 ನಿಮಿಷ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಭೇಟಿಯನ್ನು ಎರಡು ಮಾಡಿದೆವು. ಹಗಲು 10 ಗಂಟೆಯ ಭೇಟಿಯಲ್ಲಿ ಹಿರಿಯರು ಒಬ್ಬರೇ ಸಿಗುತ್ತಾರೆ, ಸಂಜೆ 6ರ ಭೇಟಿಯಲ್ಲಿ ನೋಡಿಕೊಳ್ಳುವವರು.

ಯಾರು ಉತ್ತರಿಸಿದರು ಎಂಬುದನ್ನು ಪ್ರತಿ ಪ್ರಶ್ನೆಯ ಪಕ್ಕ ಗುರುತಿಸಿ. ಮನೆಯವರು ಅಸಹಾಯಕತೆಯನ್ನು ಸಾಮಾನ್ಯವಾಗಿ ಜಾಸ್ತಿ ಹೇಳುತ್ತಾರೆ. ಮನಸ್ಸಿನ ವಿಷಯವನ್ನು ಅವರಿಂದ ಕೇಳಲೇಬಾರದು. ‘ಖಿನ್ನತೆ’ ಎಂಬ ಪದ ಹಳ್ಳಿಯಲ್ಲಿ ನಡೆಯುವುದಿಲ್ಲ. ‘ಬೇಜಾರು’ ಎಂದರೆ ಮೈಸೂರು ಕಡೆ ಗೊತ್ತಾಗುತ್ತದೆ, ಉತ್ತರದ ಜಿಲ್ಲೆಗಳಲ್ಲಿ ‘ಮನಸ್ಸಿಗೆ ಸಮಾಧಾನ ಐತೇನ್ರಿ?’ ಎಂದು ಕೇಳಬೇಕು. ಮರೆವಿನ ಬಗ್ಗೆ ಕೇಳಿದರೆ ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಎಂದು ನಕ್ಕು ಮುಗಿಸುತ್ತಾರೆ. ಅಲ್ಲಿಗೆ ಬಿಡದೆ, ಒಲೆ ಆರಿಸಲು ಮರೆತದ್ದು ಉಂಟೇ, ಗೊತ್ತಿರುವ ದಾರಿ ತಪ್ಪಿದ್ದು ಉಂಟೇ ಎಂದು ಕೇಳಿ. ಮರೆವಿನ ಪರೀಕ್ಷೆಯಲ್ಲಿ ಪೆನ್ನನ್ನೇ ಹಿಡಿಯದವರಿಗೆ ಪಂಚಭುಜ ಬರೆಯಲು ಹೇಳಿ ಅಂಕ ಕಳೆಯುವುದು ಅನ್ಯಾಯ. ಇಂಗ್ಲಿಷ್ ತಾರೀಖು ಹೇಳದಿದ್ದರೂ ಅಮಾವಾಸ್ಯೆ ಕಳೆದು ಎಷ್ಟು ದಿನ, ಸಂತೆ ಯಾವ ವಾರ ಎಂದು ಹೇಳಬಲ್ಲವರಿಗೆ ಕಾಲದ ಪ್ರಜ್ಞೆ ಇದೆ.

ಕಿವಿ ಕೇಳದವರ ಜೊತೆ ಕೂಗಿ ಮಾತಾಡಿದರೆ ಇಡೀ ಬೀದಿಗೆ ಉತ್ತರ ಗೊತ್ತಾಗುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಸ್ಟೆತಸ್ಕೋಪಿನ ಕಿವಿತುದಿಗಳನ್ನು ಸ್ಪಿರಿಟ್‌ನಿಂದ ಒರೆಸಿ ಅವರ ಕಿವಿಗೆ ಇಟ್ಟು, ಇನ್ನೊಂದು ತುದಿಯ ಬಿಲ್ಲೆಯ ಬಳಿ ನೀವು ಮೆಲ್ಲಗೆ ಮಾತಾಡಿ. ಎಲ್ಲರಿಗೂ ಆಗುವುದಿಲ್ಲ, ಆದರೆ ಕೆಲವರು ಬೆಚ್ಚಿ ನಗುತ್ತಾರೆ. ಬಿಲ್ಲೆಯನ್ನು ತಟ್ಟಬೇಡಿ, ಕಿವಿಗೆ ನೋವಾಗುತ್ತದೆ. ಹಿಂಸೆ, ಬೈಗುಳ, ಆಸ್ತಿ ಬರೆಸಿಕೊಂಡ ವಿಷಯಗಳನ್ನು ಹೀಗೆ ಒಬ್ಬರೇ ಇದ್ದಾಗ ಮಾತ್ರ ಕೇಳಬೇಕು. ಉತ್ತರ ‘ಹೌದು’ ಎಂದಾದರೆ ಏನು ಮಾಡುತ್ತೀರಿ ಎಂದು ಮೊದಲೇ ತೀರ್ಮಾನವಾಗಿರಲಿ: ಹಿರಿಯರ ಸಹಾಯವಾಣಿ 14567, ಮತ್ತು 2007ರ ಪೋಷಕರ ಜೀವನಾಂಶ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ. ಈ ಸಿದ್ಧತೆ ಇಲ್ಲದಿದ್ದರೆ ಆ ಪ್ರಶ್ನೆ ಕೇಳುವ ಹಕ್ಕು ನಿಮಗಿಲ್ಲ.

ಬಿಪಿ ನೋಡುವುದರಲ್ಲಿ ಆಗುವ ತಪ್ಪು ಹೆಚ್ಚಾಗಿ ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆಯದು. ತೋಳಿನ ನಡುಸುತ್ತಳತೆ 22ರಿಂದ 26 ಸೆಂಟಿಮೀಟರ್ ಇದ್ದವರಿಗೆ ಚಿಕ್ಕ ಪಟ್ಟಿ ಬೇಕು. ಸೊರಗಿದ ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಬಿಪಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಐದು ನಿಮಿಷ ಕೂರಿಸಿ. ಎಲೆಅಡಿಕೆ ಹೊಗೆಸೊಪ್ಪು ಹಾಕಿಕೊಂಡಿದ್ದರೆ ಅರ್ಧ ಗಂಟೆ ಕಾಯಿರಿ. ಮೂರು ಸಲ ನೋಡಿ ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಬರೆಯಿರಿ. ಮಲಗಿಸಿ ನೋಡಿ, ಎದ್ದು ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿದಾಗ ಮೇಲಿನ ಅಂಕಿ 20 ಇಳಿದಿದ್ದರೆ ಅವರು ಬೀಳುವವರ ಪಟ್ಟಿಗೆ ಸೇರಲಿ. ಬೆನ್ನು ಬಾಗಿದವರ ಎತ್ತರವನ್ನು ನಿಲ್ಲಿಸಿ ಅಳೆಯಬೇಡಿ, ಮಂಡಿಯ ಎತ್ತರದಿಂದ ಲೆಕ್ಕ ಹಾಕಿ.

ಅತಿ ಹೆಚ್ಚು ಮಾಹಿತಿ ಸಿಕ್ಕಿದ್ದು ಮಾತ್ರೆಯ ಕವರಿನಲ್ಲಿ. ‘ಯಾವ ಮಾತ್ರೆ ತಗೋತೀರಿ?’ ಎಂದು ಕೇಳುವುದನ್ನು ಬಿಟ್ಟು ‘ಮನೇಲಿರೋ ಮಾತ್ರೆ ಎಲ್ಲಾ ತಂದು ಸುರೀರಿ’ ಎನ್ನಬೇಕು. ದೇವರ ಗೂಡಿನಿಂದ, ಅಕ್ಕಿ ಡಬ್ಬದ ಮುಚ್ಚಳದಿಂದ, ದಿಂಬಿನ ಕೆಳಗಿಂದ ಬರುತ್ತವೆ. ಕತ್ತರಿಸಿಕೊಟ್ಟ ಸ್ಟ್ರಿಪ್ಪಿನಲ್ಲಿ ಹೆಸರಿನ ಭಾಗ, ಅವಧಿಯ ಭಾಗ ಹೋಗಿರುತ್ತದೆ. ಆಸ್ಪತ್ರೆಯ ಬಿಪಿ ಮಾತ್ರೆ ಅಮ್ಲೋಡಿಪಿನ್ ಜೊತೆಗೇ ಖಾಸಗಿ ಡಾಕ್ಟರ್ ಬೇರೆ ಹೆಸರಿನಲ್ಲಿ ಬರೆದ ಅದೇ ಅಮ್ಲೋಡಿಪಿನ್ ಇರಬಹುದು. ಆ ಮಾತ್ರೆಯಿಂದ ಪಾದ ಊದಿಕೊಳ್ಳುತ್ತದೆ, ಊತಕ್ಕೆಂದು ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ ಬರುತ್ತದೆ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಎದ್ದು ಕತ್ತಲಲ್ಲಿ ಹೊಸ್ತಿಲು ಎಡವುತ್ತಾರೆ. ‘ಬಿದ್ದದ್ದು ಯಾಕೆ?’ ಎಂಬ ಕಾಲಂನಲ್ಲಿ ‘ವಯಸ್ಸಾಗಿದೆ’ ಎಂದು ಬರೆಯುವ ಮೊದಲು ಕವರ್ ನೋಡಿ. ಆದರೆ ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಫೋಟೋ ತೆಗೆದು ಆ ದಿನವೇ ವೈದ್ಯಾಧಿಕಾರಿಗೆ ಕಳಿಸಿ.

ಕಂಡದ್ದರಲ್ಲಿ ಒಂದನ್ನು ಮಾತ್ರ ಬದಲಿಸಿ ನೋಡಿದೆವು: ನಡೆಯಲಾಗದವರಿಗೆ ಹತ್ತೋ ಹದಿನೈದೋ ದಿನದ ಬದಲು 30 ದಿನದ ಮಾತ್ರೆ, ಮನೆ ಬಾಗಿಲಿಗೆ. ಬಯಲುಸೀಮೆಯಲ್ಲಿ ಒಂದು ಆರೋಗ್ಯ ಕೇಂದ್ರಕ್ಕೆ 30,000 ಜನ, ಆರು ಉಪಕೇಂದ್ರ ಎಂಬುದು ಮಾನದಂಡ. ಚೀಟಿ ಎತ್ತಿ ಮೊದಲ ಮೂರು ತಿಂಗಳು ಎರಡು ಉಪಕೇಂದ್ರ, ಮುಂದಿನ ಮೂರಕ್ಕೆ ಇನ್ನೆರಡು, ಆಮೇಲೆ ಉಳಿದೆರಡು ಶುರು ಮಾಡಬೇಕು. ಎಲ್ಲರಿಗೂ ಸೇವೆ ಸಿಗುತ್ತದೆ, ಇನ್ನೂ ಶುರುವಾಗದ ಉಪಕೇಂದ್ರಗಳು ಹೋಲಿಕೆಗೆ ಒದಗುತ್ತವೆ. ಎಲ್ಲಾ ಕಡೆ ಒಂದೇ ದಿನ ಶುರು ಮಾಡಿದರೆ ಮಳೆಗಾಲ, ಸುಗ್ಗಿ, ಔಷಧಿ ಸರಬರಾಜಿನ ಏರುಪೇರು ಎಲ್ಲಾ ನಿಮ್ಮ ಫಲಿತಾಂಶದ ಜೊತೆ ಬೆರೆತುಹೋಗುತ್ತವೆ. ಫಾರ್ಮಸಿಯವರು ಒಬ್ಬರೇ ಆದ್ದರಿಂದ ಕಾಯುವ ಉಪಕೇಂದ್ರದವರಿಗೂ ದಯೆಯಿಂದ 30 ದಿನದ್ದು ಕೊಟ್ಟುಬಿಡುತ್ತಾರೆ. ಅದನ್ನು ತಡೆಯಲು ಹೋಗದೆ ಬರೆದಿಟ್ಟುಕೊಳ್ಳಿ.

ಅಳತೆ ಬಾಯಿಮಾತಿನದಲ್ಲ, ಎಣಿಕೆಯದು. ತಿಂಗಳ ಮೊದಲ ದಿನ 30 ಕೊಟ್ಟು 26ನೇ ದಿನ ಬೆಳಗಿನ ಮಾತ್ರೆಗೆ ಮುಂಚೆ ಹೋದರೆ 5 ಉಳಿದಿರಬೇಕು. 12 ಉಳಿದಿದ್ದರೆ 25ರಲ್ಲಿ 18 ಮಾತ್ರ ನುಂಗಿದ್ದಾರೆ, ಅಂದರೆ ನೂರಕ್ಕೆ 72. ಒಂದೂ ಉಳಿದಿಲ್ಲದಿದ್ದರೆ ಸಂತೋಷಪಡಬೇಡಿ. ಗಂಡ ಹೆಂಡತಿ ಒಂದೇ ಸ್ಟ್ರಿಪ್ಪು ಹಂಚಿಕೊಳ್ಳುತ್ತಿರಬಹುದು, ‘ಅವರಿಗೂ ಬಿಪಿ ಅಲ್ವಾ’ ಎಂದು. ಆಗ ಆ ಗಂಡನ ಹೆಸರು ಯಾವ ಪಟ್ಟಿಯಲ್ಲಿದೆ ಎಂದು ಹುಡುಕಿ ನೋಡಿ.