ಹದ್ದಾದ್ ಎಂಬ ಅರಬ್ಬಿ ಕುಲನಾಮ: ಅರ್ಥ, ಬರವಣಿಗೆ, ಬಳಕೆ

ಅರಬ್ ನಾಡುಗಳ ಚರಿತ್ರೆಯನ್ನಾಗಲಿ ಸುದ್ದಿಯನ್ನಾಗಲಿ ಕನ್ನಡದಲ್ಲಿ ಬರೆಯುವವರಿಗೆ ಹದ್ದಾದ್ ಎಂಬ ಕುಲನಾಮ ಆಗಾಗ ಎದುರಾಗುತ್ತದೆ. ಅರಬ್ಬಿಯಲ್ಲಿ ‘ಹದೀದ್’ ಎಂದರೆ ಕಬ್ಬಿಣ, ‘ಹದ್ದಾದ್’ ಎಂದರೆ ಕಮ್ಮಾರ. ಧಾತುವಿನ ನಡುವಣ ವ್ಯಂಜನವನ್ನು ದ್ವಿತ್ವಗೊಳಿಸಿ ಅದರ ಸ್ವರವನ್ನು ದೀರ್ಘವಾಗಿಸಿದಾಗ ಕಸುಬುದಾರನನ್ನು ಸೂಚಿಸುವ ಪದ ಹುಟ್ಟುವುದು ಆ ಭಾಷೆಯ ಕ್ರಮ. ಬಡಗಿಗೆ ನಜ್ಜಾರ್, ದರ್ಜಿಗೆ ಖಯ್ಯಾತ್, ಬಟ್ಟೆಗೆ ಬಣ್ಣ ಹಾಕುವವನಿಗೆ ಸಬ್ಬಾಗ್ ಎಂಬ ಹೆಸರುಗಳು ಬಂದದ್ದೂ ಹೀಗೆಯೇ, ಮತ್ತು ಇವೆಲ್ಲವೂ ಇಂದು ಕುಲನಾಮಗಳಾಗಿ ಉಳಿದಿವೆ. ಈ ಒಂದು ಅಚ್ಚು ಮನಸ್ಸಿನಲ್ಲಿದ್ದರೆ ಹೊಸ ಹೆಸರು ಕಂಡಾಗಲೂ ಅದು ಕಸುಬಿನಿಂದ ಬಂದಿರಬಹುದೇ ಎಂದು ಊಹಿಸಬಹುದು.

ಬರೆಯುವಾಗ ಇಂಗ್ಲಿಷ್ ಕಾಗುಣಿತವನ್ನು ನೆಚ್ಚಿ ‘ಹಡ್ಡಾಡ್’ ಎನ್ನುವುದು ತಪ್ಪು, ಏಕೆಂದರೆ ಇಲ್ಲಿರುವುದು ದಂತ್ಯವಾದ ದಕಾರ. ಒತ್ತಕ್ಷರವನ್ನೂ ದೀರ್ಘವನ್ನೂ ಬಿಡಬಾರದು. ಬಾಗ್ದಾದಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಜಹಾ ಹದೀದ್ ಅವರ ಕುಲನಾಮ ಕಬ್ಬಿಣವೇ ಹೊರತು ಕಮ್ಮಾರನಲ್ಲ. ಕನ್ನಡ ಲಿಪಿ ಈ ವ್ಯತ್ಯಾಸವನ್ನು ಸಲೀಸಾಗಿ ತೋರಿಸಬಲ್ಲದು, ಆದ್ದರಿಂದ ಅದನ್ನು ತೋರಿಸಲೇಬೇಕು.

ಹೆಸರಿನ ಮುಂದೆ ಬರುವ ‘ಅಲ್’ ಇಂಗ್ಲಿಷಿನ ‘the’ ಇದ್ದಂತೆ ಒಂದು ನಿರ್ದೇಶಕ ಪದ. ಹದ್ದಾದ್, ಅಲ್-ಹದ್ದಾದ್ ಎರಡೂ ರೂಢಿಯಲ್ಲಿರುವುದರಿಂದ ಆಯಾ ವ್ಯಕ್ತಿ ಬಳಸುವ ರೂಪವನ್ನೇ ಉಳಿಸಿಕೊಳ್ಳಬೇಕು. ಅಕಾರಾದಿ ಪಟ್ಟಿಯಲ್ಲಿ ‘ಅಲ್’ ಅನ್ನು ಲೆಕ್ಕಕ್ಕೆ ಹಿಡಿಯದೆ ಹಕಾರದಡಿ ಸೇರಿಸುವುದು ಉತ್ತಮ. ನಕಾರ, ಶಕಾರ, ಸಕಾರಗಳಂಥ ಕೆಲವು ಅಕ್ಷರಗಳ ಮುಂದೆ ಲಕಾರವು ಉಚ್ಚಾರದಲ್ಲಿ ಅವುಗಳಂತೆಯೇ ಆಗುತ್ತದೆ: ಅಲ್-ನಜ್ಜಾರ್ ಎಂಬುದು ಬಾಯಲ್ಲಿ ಅನ್ನಜ್ಜಾರ್. ಹದ್ದಾದ್ ವಿಷಯದಲ್ಲಿ ಈ ಬದಲಾವಣೆಯಿಲ್ಲ. ದೀರ್ಘವಾದ ‘ಆಲ್’ ಬೇರೆಯೇ ಪದ; ಅದಕ್ಕೆ ಮನೆತನ ಎಂದರ್ಥ, ಸೌದಿ ರಾಜಮನೆತನವಾದ ‘ಆಲ್ ಸೌದ್’ನಲ್ಲಿರುವುದು ಅದು.

ಕುಲನಾಮದಿಂದ ಮತವನ್ನಾಗಲಿ ನಂಟಸ್ತಿಕೆಯನ್ನಾಗಲಿ ತೀರ್ಮಾನಿಸಬಾರದೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಕಮ್ಮಾರರು ಎಲ್ಲ ಊರುಗಳಲ್ಲಿಯೂ ಇದ್ದರು, ಆದ್ದರಿಂದ ಪರಸ್ಪರ ಸಂಬಂಧವಿಲ್ಲದ ಅನೇಕ ಮನೆತನಗಳು ಇದೇ ಹೆಸರನ್ನು ಪಡೆದಿವೆ. ಯೆಮನ್‌ನ ಹದ್ರಮೌತ್ ಪ್ರದೇಶದ ಸೂಫಿ ವಿದ್ವಾಂಸ ಅಬ್ದುಲ್ಲಾ ಇಬ್ನ್ ಅಲವಿ ಅಲ್-ಹದ್ದಾದ್ (1634–1720), ಟ್ಯುನೀಶಿಯಾದಲ್ಲಿ ಸ್ತ್ರೀಯರ ಹಕ್ಕುಗಳಿಗಾಗಿ ವಾದಿಸಿದ ತಾಹಿರ್ ಹದ್ದಾದ್ (1899–1935), ಲೆಬನಾನ್‌ನಿಂದ ವಲಸೆ ಹೋದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬ್ರೆಜಿಲ್‌ನ ಸಾವ್ ಪಾಲೊ ನಗರದ ಮೇಯರ್ ಆದ ಫರ್ನಾಂಡೊ ಹದ್ದಾದ್, ಈ ಮೂವರನ್ನು ಬೆಸೆಯುವುದು ಹೆಸರೊಂದೇ.

ಕೊನೆಯ ಪದವೆಲ್ಲ ಕುಲನಾಮವಲ್ಲ ಎಂಬುದನ್ನೂ ಗಮನಿಸಬೇಕು. ವ್ಯಕ್ತಿಯ ಹೆಸರಿನ ಬಳಿಕ ತಂದೆಯ ಹೆಸರು, ಅಜ್ಜನ ಹೆಸರು ಸಾಲಾಗಿ ಬರುವುದು ಅರಬ್ಬರಲ್ಲಿ ಹಳೆಯ ಪದ್ಧತಿ. ಈಜಿಪ್ಟಿನ ಅಧ್ಯಕ್ಷರಾಗಿದ್ದ ಗಮಾಲ್ ಅಬ್ದುಲ್ ನಾಸಿರ್ ಅವರ ಹೆಸರಿನಲ್ಲಿ ‘ಅಬ್ದುಲ್ ನಾಸಿರ್’ ತಂದೆಯ ಹೆಸರು. ‘ಅಬ್ದ್’ ಎಂದರೆ ದಾಸ, ಮುಂದಿನದು ದೇವರ ಗುಣವಾಚಕ, ಆದಕಾರಣ ಅದನ್ನು ಒಡೆದು ‘ಅಬ್ದುಲ್’ ಎಂದಷ್ಟೇ ಕರೆದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ‘ಬಿನ್’ ಅಥವಾ ‘ಇಬ್ನ್’ ಮಗನನ್ನೂ ‘ಬಿಂತ್’ ಮಗಳನ್ನೂ ಸೂಚಿಸುವುದರಿಂದ ಅವುಗಳನ್ನು ಅದಲುಬದಲು ಮಾಡುವಂತಿಲ್ಲ.

ಅರಬ್ ದೇಶಗಳಲ್ಲಿ ಮದುವೆಯಾದ ಹೆಣ್ಣುಮಕ್ಕಳು ಸಾಮಾನ್ಯವಾಗಿ ತವರಿನ ಹೆಸರನ್ನೇ ಮುಂದುವರಿಸುತ್ತಾರೆ. ಆದ್ದರಿಂದ ಹದ್ದಾದ್ ಎಂಬವರ ಪತ್ನಿಯನ್ನು ವಿಚಾರಿಸದೆ ಶ್ರೀಮತಿ ಹದ್ದಾದ್ ಎಂದು ಬರೆಯಬಾರದು. ಗೌರವ ಸೂಚಿಸುವಾಗಲೂ ಅರಬ್ಬಿಯಲ್ಲಿ ಬಿರುದು ಬಹುಮಟ್ಟಿಗೆ ಸ್ವಂತ ಹೆಸರಿನೊಡನೆ ಸೇರುತ್ತದೆ: ತಾಹಿರ್ ಎಂಬ ವೈದ್ಯರು ಅಲ್ಲಿ ಡಾಕ್ಟರ್ ತಾಹಿರ್ ಆಗುತ್ತಾರೆ.