ಹದಿನೈದು ದಾಟಿದರೆ ಕೈ ತಿರುಗಬೇಕು: ಜರ್ಸಿ ನಂಬರಿನ ಸನ್ನೆಗೆ ನಾನು ಒಗ್ಗಿಕೊಂಡ ಬಗೆ

ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮಗಳ ಪ್ರಕಾರ 2014ರವರೆಗೆ ಆಟಗಾರರ ಜರ್ಸಿ ನಂಬರು 4ರಿಂದ 15ರೊಳಗೆ ಇರಬೇಕಿತ್ತು. ಆ ವರ್ಷದ ಅಕ್ಟೋಬರ್‌ನಿಂದ 0, 00 ಮತ್ತು 1ರಿಂದ 99ರವರೆಗಿನ ಯಾವ ನಂಬರನ್ನಾದರೂ ಹಾಕಿಕೊಳ್ಳಬಹುದು ಎಂದಾಯಿತು. ಫೌಲ್ ಆದಾಗ ಅದನ್ನು ಮಾಡಿದವರ ನಂಬರನ್ನು ರೆಫರಿ, ಲೆಕ್ಕ ಬರೆಯುವ ಸ್ಕೋರರ್ ಕೂತ ಟೇಬಲ್‌ಗೆ ಕೈಸನ್ನೆಯಲ್ಲಿ ತೋರಿಸುತ್ತಾರೆ. ಹನ್ನೆರಡು ಸನ್ನೆ ಬಲ್ಲ ರೆಫರಿಯ ಕೈ ನೂರಾ ಒಂದು ಸನ್ನೆ ಕಲಿಯಬೇಕಾಯಿತು. ನಿಜ ಹೇಳಬೇಕೆಂದರೆ ಹೊಸದನ್ನು ಕಲಿಯುವುದು ಅಷ್ಟು ಕಷ್ಟವಾಗಲಿಲ್ಲ. ಹಳೆಯದರಲ್ಲಿ ಒಂದಷ್ಟು ಹಾಗೇ ಉಳಿದುಕೊಂಡಿತ್ತಲ್ಲ, ತೊಡಕಾಗಿದ್ದು ಅಲ್ಲೇ.

ಉಳಿದುಕೊಂಡದ್ದು ಇಷ್ಟು. 5ರವರೆಗೆ ಬಲಗೈ ಬೆರಳುಗಳು, ಅಂಗೈ ಟೇಬಲ್ ಕಡೆಗೆ. 6ರಿಂದ 10ರವರೆಗೆ ಬಲಗೈಯಲ್ಲಿ ಐದು, ಉಳಿದದ್ದು ಎಡಗೈಯಲ್ಲಿ. ಆದ್ದರಿಂದ 10 ಎಂದರೆ ಎರಡೂ ಅಂಗೈ ಪೂರ್ತಿ ಬಿಚ್ಚಿರಬೇಕು. 11ರಿಂದ 15ಕ್ಕೆ ಬಲಗೈ ಮುಷ್ಟಿ, ಎಡಗೈಯಲ್ಲಿ ಒಂದರಿಂದ ಐದು ಬೆರಳು. ಮುಷ್ಟಿಯೇ ಹತ್ತು. ರೆಫರಿಯ ಬಲಗೈ ಎದುರು ಕೂತ ಸ್ಕೋರರ್‌ಗೆ ಎಡಗಡೆ ಕಾಣುತ್ತದೆ, ಹಾಗಾಗಿ ಮುಷ್ಟಿ ಮೊದಲು, ಬೆರಳು ಆಮೇಲೆ ಎಂದು ಬರೆದ ಅಂಕಿಯನ್ನು ಓದಿದ ಹಾಗೆಯೇ ಓದಿಕೊಳ್ಳುತ್ತಾರೆ.

16ರಿಂದ ಲೆಕ್ಕ ಬದಲಾಗುತ್ತದೆ. ಮೊದಲು ಕೈಯ ಹಿಂಬದಿ ಟೇಬಲ್ ಕಡೆಗಿಟ್ಟು ಹತ್ತರ ಸ್ಥಾನದ ಅಂಕಿ, ಆಮೇಲೆ ಅಂಗೈ ತಿರುಗಿಸಿ ಬಿಡಿ ಸ್ಥಾನದ ಅಂಕಿ. 24 ಬೇಕೆಂದರೆ ಹಿಂಬದಿ ಕಾಣುವಂತೆ ಎರಡು ಬೆರಳು, ನಂತರ ಅಂಗೈ ಕಾಣುವಂತೆ ನಾಲ್ಕು. 62ಕ್ಕೆ ಎರಡೂ ಕೈಗಳ ಹಿಂಬದಿಯಲ್ಲಿ ಆರು, ನಂತರ ಒಂದೇ ಅಂಗೈಯಲ್ಲಿ ಎರಡು. 40ಕ್ಕೆ ಹಿಂಬದಿಯಲ್ಲಿ ನಾಲ್ಕು, ನಂತರ ಸೊನ್ನೆ. ಬರೀ 0 ಆದರೆ ಬಲಗೈಯಲ್ಲಿ ಸೊನ್ನೆ, 00 ಆದರೆ ಎರಡೂ ಕೈಯಲ್ಲಿ.

ಎರಡು ಹಂತ ಯಾಕೆ ಎಂಬ ಪ್ರಶ್ನೆ ಬಹಳ ಜನ ಕೇಳುತ್ತಾರೆ. ಬಲಗೈಯಲ್ಲಿ ಹತ್ತು, ಎಡಗೈಯಲ್ಲಿ ಬಿಡಿ ಇಟ್ಟು ಒಟ್ಟಿಗೆ ತೋರಿಸಿದರೆ ಬೇಗ ಆಗುತ್ತದಲ್ಲ? ಅಮೆರಿಕದ ಪಂದ್ಯಗಳ ವಿಡಿಯೊ ನೋಡಿ ಕಲಿತವರ ಕೈ ತಾನಾಗಿ ಹಾಗೇ ಹೋಗುತ್ತದೆ. ಆದರೆ 51 ಅನ್ನು ಹಾಗೆ ತೋರಿಸಿ ನೋಡಿ: ಬಲಗೈಯಲ್ಲಿ ಐದು, ಎಡಗೈಯಲ್ಲಿ ಒಂದು. ಫಿಬಾ ಪದ್ಧತಿಯಲ್ಲಿ ಅದು 6. 52 ಹೋಗಿ 7 ಆಗುತ್ತದೆ, 55 ಹೋಗಿ 10 ಆಗುತ್ತದೆ. ಇನ್ನು 67 ಅನ್ನು ಒಟ್ಟಿಗೆ ತೋರಿಸಲು ಬೆರಳೇ ಸಾಲದು. ತಂಡದಲ್ಲಿ 6 ಮತ್ತು 51 ಇಬ್ಬರೂ ಇದ್ದರೆ ಫೌಲ್ ತಪ್ಪು ಹೆಸರಿನ ಮುಂದೆ ಬೀಳುತ್ತದೆ. ಆಟಗಾರ ಹೊರಹೋಗಬೇಕಾದ ಐದನೆಯ ಫೌಲ್ ಆಗುವವರೆಗೆ ಅದು ಯಾರ ಗಮನಕ್ಕೂ ಬರದೆ ಇರಬಹುದು.

ಹಾಗಾಗಿ ನಾನು ಅಭ್ಯಾಸವನ್ನು 15 ಮತ್ತು 16ರ ನಡುವಿನ ಗೆರೆಯಿಂದಲೇ ಶುರು ಮಾಡಿದೆ. 14, 15, 16, 17, ಮತ್ತೆ ಹಿಂದಕ್ಕೆ. ಹಳೆಯ ಅಭ್ಯಾಸವಿರುವ ಕೈ 16ಕ್ಕೂ ಮುಷ್ಟಿ ಕಟ್ಟುತ್ತದೆ, ಹೊಸದನ್ನು ಕಲಿತ ಕೈ 13ಕ್ಕೂ ತಿರುಗುತ್ತದೆ. ಈ ಎರಡು ತಪ್ಪು ನಿಲ್ಲುವವರೆಗೆ ಮುಂದಿನ ನಂಬರುಗಳಿಗೆ ಹೋಗಲಿಲ್ಲ. ಆಮೇಲೆ ನೂರಾ ಒಂದು ನಂಬರನ್ನೂ ಚೀಟಿಗಳಲ್ಲಿ ಬರೆದು, ಕಲೆಸಿ, ದಿನಕ್ಕೆ ಇಪ್ಪತ್ತರಂತೆ ಎತ್ತಿ ತೋರಿಸಿದೆ. ತಡವರಿಸಿದ ಚೀಟಿ ಮತ್ತೆ ಕಟ್ಟಿನೊಳಕ್ಕೆ.

ತಡವರಿಸುವುದು ಎಲ್ಲಿ ಎಂದು ಬೇಗ ಗೊತ್ತಾಗುತ್ತದೆ. 23, 34, 45ರಂಥವು ಸಲೀಸು, ಒಂದೇ ಕೈ ತಿರುಗಿದರೆ ಮುಗಿಯಿತು. 27ರಲ್ಲಿ ಒಂದು ಕೈಯಿಂದ ಶುರುವಾಗಿ ಎರಡು ಕೈಗೆ ಹೋಗಬೇಕು, 72ರಲ್ಲಿ ಎರಡರಿಂದ ಒಂದಕ್ಕೆ ಬರಬೇಕು. 72ರಲ್ಲಿ ಎಡಗೈಯನ್ನು ಇಳಿಸಲು ಮರೆತರೆ ಎಡಗೈಯ ಎರಡು ಬೆರಳೂ ಸೇರಿ ಸ್ಕೋರರ್ 74 ಎಂದು ಎಣಿಸುವ ಅಪಾಯವಿದೆ. ಎಡಗೈ ಪೂರ್ತಿ ತೊಡೆಯ ಪಕ್ಕಕ್ಕೆ ಇಳಿದ ಮೇಲೆಯೇ ಬಲಗೈ ತಿರುಗಿಸುವುದನ್ನು ರೂಢಿ ಮಾಡಿಕೊಂಡೆ. 44, 55, 99ರಂಥ ಜೋಡಿ ಅಂಕಿಗಳ ಕಷ್ಟ ಬೇರೆ ಥರ. ಬೆರಳು ಬದಲಾಗುವುದೇ ಇಲ್ಲ, ಕೈ ಮಾತ್ರ ತಿರುಗುತ್ತದೆ. ಆ ತಿರುವು ಸ್ಪಷ್ಟವಾಗಿ ಕಾಣದಿದ್ದರೆ 55 ಬರೀ 5 ಆಗುತ್ತದೆ.

ತಿರುವು ಮಣಿಕಟ್ಟಿನಿಂದ ಬರಬೇಕು. ಮೊಣಕೈಯನ್ನೂ ಬೀಸಿದರೆ ಎರಡು ಅಂಕಿಗಳೂ ಒಂದೇ ಚಲನೆಯಲ್ಲಿ ಕಲೆಸಿಹೋಗುತ್ತವೆ. ಹತ್ತರ ಅಂಕಿ ತೋರಿಸಿ ಮನಸ್ಸಿನಲ್ಲಿ ‘ಒಂದು’ ಎಂದು ಎಣಿಸಿ ಆಮೇಲೆ ತಿರುಗಿಸುತ್ತೇನೆ. ತೋರಿಸುವವರಿಗೆ ಇದು ವಿಪರೀತ ನಿಧಾನ ಅನ್ನಿಸುತ್ತದೆ. ಕೂತು ನೋಡುವವರಿಗೆ ಸರಿಯಾಗಿಯೇ ಇರುತ್ತದೆ. ಕೈ ಭುಜದ ಎತ್ತರದಲ್ಲಿ, ಮೈಯಿಂದ ತುಸು ಮುಂದೆ ಇರಲಿ. ಎರಡು ಕೈ ಬಳಸುವಾಗ ನಡುವೆ ಭುಜದಷ್ಟು ಅಗಲ ಬಿಡಬೇಕು, ಇಲ್ಲದಿದ್ದರೆ 8ರ ಬೆರಳುಗಳು ಒಂದರ ಮೇಲೊಂದು ಬಂದು ಎಣಿಸಲು ಸಿಗುವುದಿಲ್ಲ. ಒಂದಕ್ಕೆ ತೋರುಬೆರಳೇ ಬಳಸಿ. ಹೆಬ್ಬೆರಳು ಎತ್ತುವುದಕ್ಕೆ ಬೇರೆ ಅರ್ಥವಿದೆ. ಸೊನ್ನೆಯಲ್ಲಿ ಬೆರಳುಗಳ ನಡುವಿನ ತೂತು ಟೇಬಲ್‌ಗೆ ಕಾಣಲಿ, ಮುಚ್ಚಿಹೋದರೆ ಮುಷ್ಟಿಯ ಹಾಗೆ ಕಾಣುತ್ತದೆ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುವುದನ್ನು ನಾನು ಬೇಗ ಬಿಟ್ಟೆ. ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗಿ, ಸ್ಕೋರರ್‌ಗೆ ಕಾಣುವುದು ನಮಗೆ ಕಾಣುವುದೇ ಇಲ್ಲ. ಮೊಬೈಲ್‌ನ ಹಿಂಬದಿ ಕ್ಯಾಮೆರಾವನ್ನು ಕೂತವರ ಕಣ್ಣಿನ ಎತ್ತರಕ್ಕಿಟ್ಟು, ಆರೇಳು ಮೀಟರ್ ದೂರದಲ್ಲಿ ನಿಂತು ರೆಕಾರ್ಡ್ ಮಾಡಿ, ಮರುದಿನ ಸದ್ದಿಲ್ಲದೆ ನೋಡಿ ನಂಬರುಗಳನ್ನು ಬರೆದುಕೊಳ್ಳಬೇಕು. ಮರುದಿನವೇ ಏಕೆಂದರೆ, ಆಗಷ್ಟೇ ತೋರಿಸಿದ ನಂಬರು ನೆನಪಿನಲ್ಲಿದ್ದರೆ ಕಣ್ಣು ಅದನ್ನೇ ಓದುತ್ತದೆ. ಬರೆದದ್ದಕ್ಕೂ ಚೀಟಿಗೂ ತಾಳೆಯಾಗದ ಕಡೆ ತಪ್ಪು ಕೈಯದೇ.

ಪಂದ್ಯದಲ್ಲಿ ಇದೆಲ್ಲ ಒಂದು ಕ್ರಮದೊಳಗೆ ಕೂರಬೇಕು: ನಂಬರು, ಫೌಲ್‌ನ ಬಗೆ, ಆಮೇಲೆ ಫ್ರೀ ಥ್ರೋ ಎಷ್ಟು ಅಥವಾ ಚೆಂಡು ಯಾವ ಕಡೆಗೆ. ಓಡುತ್ತಲೇ ನಂಬರು ತೋರಿಸುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಎರಡೂ ಕಾಲು ನಿಲ್ಲಬೇಕು, ಸ್ಕೋರರ್ ತಲೆ ಎತ್ತಿ ನೋಡಬೇಕು, ಆಮೇಲೆ ಕೈ. ನಂಬರು ಮತ್ತು ಫ್ರೀ ಥ್ರೋ ಎರಡನ್ನೂ ಬೆರಳಲ್ಲೇ ತೋರಿಸುವುದರಿಂದ ನಡುವಿನ ಫೌಲ್ ಸನ್ನೆಯನ್ನು ಹಾರಿಸಿದರೆ 3ನೇ ನಂಬರಿಗೆ ಎರಡು ಫ್ರೀ ಥ್ರೋ ಎಂಬುದು 32 ಎಂದು ಓದಿಸಿಕೊಳ್ಳುತ್ತದೆ.

ಜೊತೆಗೆ ಬಾಯಲ್ಲೂ ಹೇಳಬೇಕು. ಗದ್ದಲದಲ್ಲಿ ‘ಥರ್ಟೀನ್’ ಮತ್ತು ‘ಥರ್ಟಿ’ ಒಂದೇ ಥರ ಕೇಳಿಸುತ್ತವೆ, ‘ಫಿಫ್ಟೀನ್’, ‘ಫಿಫ್ಟಿ’ ಕೂಡ. ಇಲ್ಲಿ ಕೈಯೇ ಕಾಪಾಡುವುದು: 13ಕ್ಕೆ ಮುಷ್ಟಿ, 30ಕ್ಕೆ ಕೈಯ ಹಿಂಬದಿ.

ಪಂದ್ಯಕ್ಕೆ ಮುಂಚೆ ಸ್ಕೋರ್‌ಶೀಟ್ ನೋಡುವಾಗ ಎರಡೂ ತಂಡದ ಹನ್ನೆರಡು ಹನ್ನೆರಡು ನಂಬರುಗಳಲ್ಲಿ ಗೊಂದಲದ ಜೋಡಿಗಳನ್ನು ಹುಡುಕುತ್ತೇನೆ: 5 ಮತ್ತು 55, 6 ಮತ್ತು 51, 12 ಮತ್ತು 21, 0 ಮತ್ತು 00. ಸಿಕ್ಕಿದರೆ ಜೊತೆಯ ರೆಫರಿಗೂ ಸ್ಕೋರರ್‌ಗೂ ಹೇಳಿಬಿಡುತ್ತೇನೆ. ಆಟದ ನಡುವೆ ಸ್ಕೋರರ್ ಅರ್ಥವಾಗಲಿಲ್ಲ ಎಂದು ತಲೆಯಾಡಿಸಿದರೆ ಬಿಡಿ ಅಂಕಿಯನ್ನಷ್ಟೇ ಮತ್ತೆ ತೋರಿಸಬಾರದು, ಅವರು ಅದನ್ನೇ ಇಡೀ ನಂಬರು ಎಂದುಕೊಳ್ಳುತ್ತಾರೆ. ಎರಡೂ ಕೈ ಇಳಿಸಿ, ಹತ್ತರ ಸ್ಥಾನದಿಂದ ಮತ್ತೆ ಶುರುಮಾಡಿ.