ಪಟ್ಟಿಗೆ ತೀಡಲು ಬಂದರೆ ಅರ್ಧ ಕ್ಷೌರ ಬಂದಂತೆ

ಮಡಚುವ ಕ್ಷೌರದ ಕತ್ತಿಯನ್ನು ಆಸೆಪಟ್ಟು ಕೊಂಡವರು ಕೆಲವೇ ತಿಂಗಳಲ್ಲಿ ಅದನ್ನು ಡ್ರಾಯರ್‌ನ ಮೂಲೆಗೆ ಸೇರಿಸುವುದನ್ನು ನೋಡುತ್ತಲೇ ಇರುತ್ತೇನೆ. ಕೇಳಿದರೆ ‘ಕೂದಲು ಎಳೆಯುತ್ತೆ, ಕೆನ್ನೆ ಉರಿಯುತ್ತೆ, ಉಕ್ಕು ಸರಿ ಇಲ್ಲ’ ಅನ್ನುತ್ತಾರೆ. ಉಕ್ಕಿನ ತಪ್ಪು ಇರುವುದು ಅಪರೂಪ. ಕತ್ತಿ ಕೆಟ್ಟಿರುವುದು, ಕ್ಷೌರಕ್ಕೆ ಮುಂಚೆ ಅದನ್ನು ತೀಡುವ ತೊಗಲಿನ ಪಟ್ಟಿಯ ಮೇಲೆ, ಅದೂ ಮೊದಲ ವಾರದಲ್ಲೇ. ಅದಕ್ಕೇ ಇಲ್ಲಿ ಪಟ್ಟಿಯ ಮಾತು ಜಾಸ್ತಿ, ಉಳಿದದ್ದು ಚುಟುಕು.

ಕತ್ತಿ ಆರಿಸುವುದು

ಅಲಗಿನ ಅಗಲವನ್ನು ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಕಲಿಯುವವರಿಗೆ 5/8 ಅಥವಾ 6/8 ಸರಿ. ತುದಿ ದುಂಡಗಿರಲಿ. ಚೂಪು ಮೂಲೆಯ ಚೌಕ ತುದಿ ನೋಡಲು ಚೆಂದ, ಆದರೆ ಮೊದಲ ದಿನವೇ ಕಿವಿಯ ಹಾಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಕಾರ್ಬನ್ ಸ್ಟೀಲ್ ಮಸೆಯಲು ಸುಲಭ, ತುಕ್ಕು ಬೇಗ. ಸ್ಟೇನ್‌ಲೆಸ್ ಇದಕ್ಕೆ ಉಲ್ಟಾ. ಒರೆಸಿಡುವ ಅಭ್ಯಾಸ ಇದ್ದವರು ಕಾರ್ಬನ್ ಸ್ಟೀಲನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್ ಊರುಗಳ ಹೆಸರು ಕೆತ್ತಿರುವ ಹಳೆಯ ಕತ್ತಿ ಸಿಕ್ಕರೆ ಬಿಡಬೇಡಿ. ಮೇಲಿನ ಕಲೆ ಪರವಾಗಿಲ್ಲ. ಅಲಗಿನಲ್ಲಿ ಬಿರುಕು ಇದ್ದರೆ ಮಾತ್ರ ಬೇಡವೇ ಬೇಡ.

ಕತ್ತಿ, ಪಟ್ಟಿ, ಬ್ರಶ್, ಸೋಪು ಎಲ್ಲ ಒಂದೇ ಡಬ್ಬಿಯಲ್ಲಿ ಅಗ್ಗಕ್ಕೆ ಬರುವ ಸೆಟ್‌ಗಳಿವೆಯಲ್ಲ, ಅವುಗಳಿಂದ ದೂರ ಇರಿ. ಅವುಗಳಲ್ಲಿ ಬಹುಪಾಲು ಮೆತ್ತನೆಯ ಉಕ್ಕು. ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಇನ್ನು ಬ್ಲೇಡ್ ಬದಲಿಸುವ ಕತ್ತಿಯಿಂದ ಶುರು ಮಾಡಿ ಆಮೇಲೆ ಇದಕ್ಕೆ ಬರುತ್ತೇನೆ ಅನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಸುಮ್ನೆ ಸುತ್ತು ದಾರಿ. ಅದರ ತೂಕ ಬೇರೆ, ಚರ್ಮ ಕಚ್ಚುವ ರೀತಿ ಬೇರೆ. ಪಟ್ಟಿಯ ಕೆಲಸವಂತೂ ಅದು ಕಲಿಸುವುದೇ ಇಲ್ಲ.

ಒಂದು ಷರತ್ತು. ಮೊದಲ ಕತ್ತಿಯನ್ನು ಕೈಪಳಗಿದವರಿಂದ ಸಾಣೆ ಹಿಡಿಸಿಯೇ ಮುಖಕ್ಕೆ ಮುಟ್ಟಿಸಿ. ಕಾರ್ಖಾನೆಯಿಂದ ಬಂದ ಹರಿತ ಎಷ್ಟೋ ಸಲ ಕಾಗದ ಕತ್ತರಿಸಲು ಮಾತ್ರ ಲಾಯಕ್ಕು. ಸರಿಯಾದ ಹರಿತ ಹೇಗಿರುತ್ತದೆ ಅಂತ ಒಮ್ಮೆ ಕೆನ್ನೆಗೆ ಗೊತ್ತಾಗದೇ ಹೋದರೆ, ಮುಂದೆ ಏನು ಕೆಟ್ಟಿದೆ ಅನ್ನುವುದೂ ಗೊತ್ತಾಗುವುದಿಲ್ಲ.

ಪಟ್ಟಿಗೆ ತೀಡುವುದು

ಕ್ಷೌರದ ಕತ್ತಿಯ ಬಾಯಿ ಕಣ್ಣಿಗೆ ಕಾಣದಷ್ಟು ತೆಳು. ಒಂದು ಕ್ಷೌರ ಮುಗಿಯುವಷ್ಟರಲ್ಲಿ ಅದು ಅಲ್ಲಲ್ಲಿ ಬಾಗಿರುತ್ತದೆ, ಸೋಪು ಮತ್ತು ತೇವ ಕೂತಿರುತ್ತದೆ. ಪಟ್ಟಿ ಅದನ್ನು ನೇರ ಮಾಡಿ, ಉಜ್ಜಿ, ನಯ ಮಾಡುತ್ತದೆ. ಉಕ್ಕನ್ನು ಸವೆಸಿ ಹೊಸ ಬಾಯಿ ಕೊಡುವುದು ಸಾಣೆ ಕಲ್ಲಿನ ಕೆಲಸ, ಪಟ್ಟಿಯದ್ದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರೇ ಪಟ್ಟಿಯ ಮೇಲೆ ಒತ್ತಿ ಒತ್ತಿ ಎಳೆಯುವುದು.

ನೇತುಹಾಕುವ ಪಟ್ಟಿಯನ್ನೇ ಕೊಳ್ಳಿ. ಅದರಲ್ಲಿ ಎರಡು ಪದರ ಇರುತ್ತದೆ, ಒಂದು ದಪ್ಪ ಬಟ್ಟೆ, ಒಂದು ತೊಗಲು. ಮೂರು ಇಂಚು ಅಗಲ ಇದ್ದರೆ ಅಲಗು ಪೂರ್ತಿ ಕೂರುತ್ತದೆ. ಮೊದಲನೆಯದು ದುಬಾರಿ ಬೇಡ, ಯಾಕೆಂದರೆ ಅದನ್ನು ನೀವು ಕೊಯ್ಯುವುದು ಖಂಡಿತ.

ಪಟ್ಟಿಯ ಒಂದು ತುದಿಯನ್ನು ಸೊಂಟದ ಎತ್ತರದ ಗಟ್ಟಿ ಕೊಕ್ಕೆಗೆ ಸಿಕ್ಕಿಸಿ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ಕೆಲಸ ಮುಗಿಯುವ ತನಕ ಈ ಬಿಗಿ ಸಡಿಲವಾಗಬಾರದು. ಪಟ್ಟಿ ಜೋತುಬಿದ್ದರೆ ತೊಗಲು ಕತ್ತಿಯ ಬಾಯಿಯನ್ನು ಸುತ್ತಿಕೊಂಡು ಮೇಲೇಳುತ್ತದೆ, ಬಾಯಿ ದುಂಡಗಾಗುತ್ತದೆ. ಹತ್ತು ಸಲ ಹೀಗೆ ಎಳೆದರೆ ಸಾಣೆ ಹಿಡಿಸಿದ ದುಡ್ಡು ನೀರಿಗೆ ಹೋಯಿತು ಅಂದುಕೊಳ್ಳಿ.

ಈಗ ಅಲಗನ್ನು ಪೂರ್ತಿ ಮಲಗಿಸಿ. ಬೆನ್ನು (ಅಲಗಿನ ದಪ್ಪ ಅಂಚು), ಬಾಯಿ ಎರಡೂ ಪಟ್ಟಿಗೆ ತಾಗಬೇಕು. ಬೆನ್ನು ಎಂದೂ ಏಳಬಾರದು. ಎಳೆಯುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದಾದರೆ ತೊಗಲು ಸೀಳುತ್ತದೆ. ಪಟ್ಟಿ ಅಲಗಿಗಿಂತ ಕಿರಿದಾಗಿದ್ದರೆ ನೇರ ಎಳೆಯದೆ ಸ್ವಲ್ಪ ಓರೆಯಾಗಿ ಎಳೆಯಿರಿ. ಹಿಡಿಯ ಹತ್ತಿರದ ಭಾಗದಿಂದ ಶುರುವಾಗಿ ತುದಿಯವರೆಗೆ ಇಡೀ ಬಾಯಿ ಪಟ್ಟಿಯನ್ನು ದಾಟಬೇಕು.

ಎಲ್ಲರೂ ಎಡವುವುದು ತಿರುವಿನಲ್ಲಿ. ಪಟ್ಟಿಯ ಕೊನೆಗೆ ಬಂದಾಗ ಮೊದಲು ನಿಲ್ಲಿ. ಪೂರ್ತಿ ನಿಲ್ಲಿ. ಆಮೇಲೆ ಬೆನ್ನನ್ನು ಪಟ್ಟಿಯ ಮೇಲೇ ಇಟ್ಟುಕೊಂಡು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕತ್ತಿಯ ಕತ್ತನ್ನು, ಅಂದರೆ ಅಲಗಿಗೂ ಕೀಲಿಗೂ ನಡುವಿನ ಸಣ್ಣ ಭಾಗವನ್ನು, ಪೆನ್ಸಿಲ್ ಉರುಳಿಸಿದ ಹಾಗೆ ಉರುಳಿಸಿ. ಬಾಯಿ ಗಾಳಿಯಲ್ಲಿ ಮೇಲೆದ್ದು ಆ ಕಡೆ ಮಲಗುತ್ತದೆ. ಮಣಿಕಟ್ಟು ಅಲ್ಲಾಡಬಾರದು. ಮಣಿಕಟ್ಟು ತಿರುಗಿಸಿದರೆ ತುದಿ ಒಂದು ಕಡೆ ಏಳುತ್ತದೆ, ಬುಡ ಒಂದು ಕಡೆ ಒತ್ತುತ್ತದೆ. ನಿಲ್ಲುವ ಮೊದಲೇ ತಿರುಗಿಸಿದರೆ ಬಾಯಿ ತೊಗಲಿಗೆ ನಾಟುತ್ತದೆ. ಪಟ್ಟಿಗಳಲ್ಲಿ ಕೊಯ್ದ ಗುರುತು ಎರಡು ತುದಿಯಲ್ಲೇ ಜಾಸ್ತಿ ಇರುವುದು ಇದಕ್ಕೇ.

ಕ್ಷೌರಿಕರು ಪಟಪಟ ಅಂತ ತೀಡುವ ವಿಡಿಯೊ ನೋಡಿ ವೇಗಕ್ಕೆ ಹೋಗಬೇಡಿ. ವೇಗದಿಂದ ಹರಿತಕ್ಕೆ ಏನೂ ಸೇರುವುದಿಲ್ಲ. ಮೊದಲ ಕೆಲವು ದಿನ ಮೊಂಡು ಬೆಣ್ಣೆ ಚಾಕು ಹಿಡಿದು ತಿರುವನ್ನಷ್ಟೇ ಅಭ್ಯಾಸ ಮಾಡಿ. ನಾಚಿಕೆ ಬೇಡ.

ಒತ್ತಡ ಎಷ್ಟು? ಕತ್ತಿಯ ತೂಕವೇ ಸಾಕು. ಅಲಗು ಪಟ್ಟಿ ಬಿಟ್ಟು ಏಳದಷ್ಟು ಮಾತ್ರ ಕೈ ಕೊಡಿ. ಕಿವಿ ತೆರೆದಿಡಿ. ಸರಿಯಾಗಿ ನಡೆದಾಗ ಹೋಗುವಾಗ, ಬರುವಾಗ ಒಂದೇ ಸದ್ದು. ಒಂದು ಕಡೆ ಸದ್ದು ಗಡುಸಾದರೆ ಆ ಕಡೆ ಕೈ ಒತ್ತುತ್ತಿದೆ ಅಂತಲೇ.

ಲೆಕ್ಕ ಹೀಗಿರಲಿ. ಬಟ್ಟೆಯ ಮೇಲೆ 20ರಿಂದ 30 ಸಲ, ತೊಗಲಿನ ಮೇಲೆ 50ರಿಂದ 60 ಸಲ. ಹೋಗಿ ಬಂದರೆ ಒಂದು ಸಲ. ಪ್ರತಿ ಕ್ಷೌರದ ಮುಂಚೆಯೂ ಇದು ಆಗಲೇಬೇಕು.

ಪಟ್ಟಿಗೆ ಅಡುಗೆ ಎಣ್ಣೆ ಹಚ್ಚಬೇಡಿ, ಅಂಟಂಟಾಗಿ ವಾಸನೆ ಬರುತ್ತದೆ. ಒಣಗಿದ, ಶುಭ್ರ ಅಂಗೈಯಿಂದ ಆಗಾಗ ಉಜ್ಜಿದರೆ ಸಾಕು. ಸಣ್ಣ ಗಾಯಗಳನ್ನು ನುಣ್ಣನೆಯ ಮರಳು ಕಾಗದದಿಂದ ಸಮ ಮಾಡಿಕೊಳ್ಳಬಹುದು. ಇನ್ನು ಪಟ್ಟಿಗೆ ಬಳಿಯುವ ಹಸಿರು ಪೇಸ್ಟ್. ಅದು ಕ್ರೋಮಿಯಂ ಆಕ್ಸೈಡ್, ಉಕ್ಕನ್ನು ಸವೆಸುವ ಪುಡಿ. ದಿನಾ ತೀಡುವ ಪಟ್ಟಿಗೆ ಅದನ್ನು ಬಳಿದರೆ ಬಾಯಿ ದಿನದಿನಕ್ಕೂ ದುಂಡಗಾಗುತ್ತಾ ಹೋಗುತ್ತದೆ. ಬೇಕೇ ಬೇಕು ಅಂದರೆ ಬೇರೆ ಪಟ್ಟಿ ಇಟ್ಟುಕೊಳ್ಳಿ, ಅಪರೂಪಕ್ಕೆ ಕೆಲವು ಸಲ ಎಳೆಯಿರಿ.

ಮುಖಕ್ಕೆ

ಸ್ನಾನ ಮಾಡಿ ಬನ್ನಿ. ಇಲ್ಲವೇ ಬಿಸಿನೀರಿನ ಟವೆಲ್ ಎರಡು ಮೂರು ನಿಮಿಷ ಇಟ್ಟುಕೊಳ್ಳಿ. ಬ್ರಶ್‌ನಿಂದ ಸೋಪಿನ ಒದ್ದೆ ನೊರೆ ಹಚ್ಚಿ. ಡಬ್ಬಿಯಿಂದ ಬುಸ್ ಅಂತ ಬರುವ ಫೋಮ್ ಬೇಡ. ಅದು ಗಾಳಿ ತುಂಬಿದ ನೊರೆ, ಅದರ ಮೇಲೆ ಅಲಗು ಅಷ್ಟು ಚೆನ್ನಾಗಿ ಜಾರುವುದಿಲ್ಲ.

ಹಿಡಿಯನ್ನು ಮೇಲಕ್ಕೆ ತೆರೆದು, ಮೂರು ಬೆರಳು ಕತ್ತಿಯ ಕತ್ತಿನ ಮೇಲೆ, ಕಿರುಬೆರಳು ಕೀಲಿನ ಆಚೆ ಬಾಗಿದ ಬಾಲದ ಮೇಲೆ, ಹೆಬ್ಬೆರಳು ಕೆಳಗೆ. ಅಲಗನ್ನು ಕೆನ್ನೆಗೆ ಚಪ್ಪಟೆಯಾಗಿ ತಾಗಿಸಿ, ಆಮೇಲೆ ಬೆನ್ನನ್ನು ಸುಮಾರು 30 ಡಿಗ್ರಿಯಷ್ಟು ಎತ್ತಿ. ಜಾಸ್ತಿ ಎತ್ತಿದರೆ ಚರ್ಮ ಕೆರೆಯುತ್ತದೆ, ಕಡಿಮೆಯಾದರೆ ಕೂದಲು ಎಳೆಯುತ್ತದೆ. ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಈ ಕೈ ಸೋಮಾರಿಯಾದರೆ ಕತ್ತಿ ಹಿಡಿದ ಕೈ ಎಷ್ಟು ಪಳಗಿದ್ದರೂ ಪ್ರಯೋಜನ ಇಲ್ಲ.

ಕೂದಲು ಬೆಳೆದ ದಿಕ್ಕಿನಲ್ಲೇ, ಚಿಕ್ಕ ಚಿಕ್ಕದಾಗಿ ಎಳೆಯಿರಿ. ಕತ್ತಿಯನ್ನು ಅದರ ಬಾಯಿಯ ಉದ್ದಕ್ಕೆ ಅಡ್ಡಡ್ಡ ಜಾರಿಸಿದರೆ ಮಾತ್ರ ಚರ್ಮ ಸೀಳಿಕೊಂಡು ಹೋಗುತ್ತದೆ. ದೊಡ್ಡ ಗಾಯಗಳು ಆಗುವುದು ಹಾಗೆಯೇ. ಮೊದಲ ವಾರ ಎರಡು ಕೆನ್ನೆ ಮಾತ್ರ, ಉಳಿದದ್ದನ್ನು ಮಾಮೂಲಿ ರೇಜರ್‌ನಿಂದ ಮುಗಿಸಿ. ಆಮೇಲೆ ಕುತ್ತಿಗೆ. ಮೇಲ್ತುಟಿ ಮತ್ತು ಗದ್ದ ಕೊನೆಗೆ. ಗದ್ದದ ಕೂದಲು ಒರಟು, ಅಲ್ಲಿ ಎಲ್ಲರ ಕೈಯೂ ಒತ್ತಲು ಶುರು ಮಾಡುತ್ತದೆ. ಒತ್ತಬೇಕು ಅನ್ನಿಸಿದರೆ ನಿಲ್ಲಿಸಿ, ಮತ್ತೆ ನೊರೆ ಹಚ್ಚಿ. ಎದುರು ದಿಕ್ಕಿನ ಕ್ಷೌರ ಮೊದಲ ತಿಂಗಳು ಬೇಡ.

ಕತ್ತಿ ಕೈಜಾರಿದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆಯಿರಿ. ಬೀಳಲಿ.

ಕಲ್ಲಿಗೆ ಹೋಗಬೇಕಾದದ್ದು ಯಾವಾಗ

2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಕೂದಲು ಕತ್ತರಿಸುವ ಬ್ಲೇಡಿನ ಬಾಯಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲೇ ಬಾಗಿ ನಿಂತಾಗ ಉಕ್ಕಿನಿಂದ ಚಕ್ಕೆ ಎಬ್ಬಿಸುತ್ತಿತ್ತು. ಅವರು ನೋಡಿದ್ದು ಬಿಸಾಡುವ ರೇಜರ್‌ಗಳನ್ನು. ಆದರೂ ಪಟ್ಟಿ ಒಂದೇ ಯಾಕೆ ಸಾಲದು ಅನ್ನುವುದು ಇದರಿಂದ ಅರ್ಥವಾಗುತ್ತದೆ. ಬಾಗಿದ ಬಾಯಿಯನ್ನು ಪಟ್ಟಿ ನೆಟ್ಟಗೆ ಮಾಡೀತು, ಚಕ್ಕೆ ಎದ್ದ ಜಾಗವನ್ನು ತುಂಬಲಾರದು. ಸರಿಯಾಗಿ ತೀಡಿದ ಮೇಲೂ ಗದ್ದದಲ್ಲಿ ಎಳೆಯುತ್ತಿದ್ದರೆ ಕಲ್ಲಿನ ಸಮಯ ಬಂದಿದೆ.

ಮೊದಲ ಆರು ತಿಂಗಳು ಆ ಕೆಲಸ ಬೇರೆಯವರಿಗೆ ಕೊಡಿ. ಆಮೇಲೂ 12000 ಗ್ರಿಟ್‌ನ ನುಣುಪು ಕಲ್ಲೊಂದನ್ನೇ ಇಟ್ಟುಕೊಳ್ಳಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). 1000ದ ಕಲ್ಲು ಬಾಯಿ ಮುಕ್ಕಾದ ಕತ್ತಿಗೆ. ಸುಮ್ಮನಿರಲಾರದೆ ಅದರ ಮೇಲೆ ಎಳೆದರೆ ಒಳ್ಳೆಯ ಕತ್ತಿಯ ಆಯುಸ್ಸು ಸವೆಯುತ್ತದೆ, ಅಷ್ಟೇ.

ಕಲ್ಲು ಸಮತಟ್ಟಾಗಿದೆಯೇ ಅಂತ ಮೊದಲು ನೋಡಿ. ಪೆನ್ಸಿಲ್‌ನಿಂದ ಅದರ ಮೇಲೆ ಚೌಕಳಿ ಗೆರೆ ಎಳೆದು, ಡೈಮಂಡ್ ಪ್ಲೇಟ್ (ವಜ್ರದ ಪುಡಿ ಕೂರಿಸಿದ ಲೋಹದ ಹಲಗೆ) ಮೇಲೆ ನೀರು ಹಾಕಿ ಉಜ್ಜಿ. ಎಲ್ಲ ಗೆರೆಯೂ ಅಳಿಸಿದರೆ ಸಮ ಇದೆ. ಇಲ್ಲಿ ದಿಕ್ಕು ಪಟ್ಟಿಗೆ ತದ್ವಿರುದ್ಧ. ಬಾಯಿ ಮುಂದೆ, ಬೆನ್ನು ಹಿಂದೆ. ಕೋನ ಊಹಿಸುವ ಕಷ್ಟ ಇಲ್ಲ, ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ಕೂತರೆ ಕೋನ ತಾನಾಗಿ ಸಿಗುತ್ತದೆ. ಬಾಯಿಗೆ ಮಾರ್ಕರ್ ಬಳಿದು ಒಂದು ಸಲ ಎಳೆಯಿರಿ. ಬಣ್ಣ ಉಳಿದ ಜಾಗ ಕಲ್ಲಿಗೆ ತಾಗುತ್ತಿಲ್ಲ. ಹಗುರವಾಗಿ ಹತ್ತು ಹದಿನೈದು ಸಲ ಎಳೆದು, ಪಟ್ಟಿಗೆ ತೀಡಿ, ಮುಂಗೈಯ ಕೂದಲ ಮೇಲೆ ಆಡಿಸಿ ನೋಡಿ. ಹೆಬ್ಬೆರಳನ್ನು ಬಾಯಿಯ ಉದ್ದಕ್ಕೆ ಎಳೆದು ಪರೀಕ್ಷೆ ಮಾಡುವ ಚಟ ಬಿಡಿ.

ಅಡುಗೆಮನೆ ಚಾಕು ತೂರಿಸಿ ಎಳೆಯುವ ಶಾರ್ಪನರ್ ಒಂದೇ ಎಳೆತಕ್ಕೆ ಕತ್ತಿಯನ್ನು ಕೆಡಿಸುತ್ತದೆ. ವಿದ್ಯುತ್ ಸಾಣೆ ಚಕ್ರವೂ ಬೇಡ. ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ. ಉಕ್ಕು ನೀಲಿಗೆ ತಿರುಗಿತು ಅಂದರೆ ಆ ಜಾಗದ ಗಡಸು ಹೋಯಿತು.

ಎತ್ತಿಡುವುದು

ಅಲಗನ್ನು ಮಾತ್ರ ತೊಳೆಯಿರಿ, ಹಿಡಿಯೊಳಗೆ ಮತ್ತು ಕೀಲಿಗೆ ನೀರು ಹೋಗದಿರಲಿ. ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಬಟ್ಟೆಯ ಪಟ್ಟಿಯ ಮೇಲೆ ನಾಲ್ಕಾರು ಸಲ ತೀಡಿ. ಸ್ವಲ್ಪ ಹೊತ್ತು ತೆರೆದೇ ಇಟ್ಟು ಆಮೇಲೆ ಮಡಚಿ. ಬಚ್ಚಲುಮನೆಯಲ್ಲಿ ಇಡಬೇಡಿ, ಅಲ್ಲಿನ ಹಬೆಯೇ ತುಕ್ಕಿಗೆ ಸಾಕು. ವಾರಗಟ್ಟಲೆ ಬಳಸದಿದ್ದರೆ ಮಿನರಲ್ ಆಯಿಲ್ ತೆಳ್ಳಗೆ ಸವರಿ. ಮನೆಯವರೇ ಕೇಳಿದರೂ ಕತ್ತಿ ಕೊಡಬೇಡಿ. ಹೆಪಟೈಟಿಸ್ ಬಿ ಥರದ ಸೋಂಕು ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹರಡಬಲ್ಲದು. ಅವರಿಗೆ ಆಸೆ ಇದ್ದರೆ ಇನ್ನೊಂದು ಕತ್ತಿ ಕೊಡಿಸಿ, ಜೊತೆಗೆ ಅವರದೇ ಒಂದು ಪಟ್ಟಿ.